ಹೊರಗಿನ ಚಿಲಕ

ಮಲಗುವ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಬೇಕೆಂದು ಮಹತಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಜನ ಕೇಳುತ್ತಿದ್ದುದೇ ಬೇರೆ. ಮಂಚದ ಕೆಳಗೆ ರಗ್ಗು ತುಂಬಲು ಡ್ರಾಯರ್ ಬೇಕು, ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳಿಗೆ ಮೇಲೆ ಅಟ್ಟ ಬೇಕು, ತಲೆ ಉತ್ತರಕ್ಕೆ ಬರಬಾರದು, ಎದುರು ಗೋಡೆಗೆ ಟಿ.ವಿ. ಬೇಕೇ ಬೇಕು. ಇದನ್ನೆಲ್ಲ ಹತ್ತಡಿ ಹನ್ನೊಂದಡಿಯ ಕೋಣೆಯೊಳಗೆ ಹೊಂದಿಸಿ, ಆಮೇಲೂ ಮನುಷ್ಯರು ಓಡಾಡಲು ಜಾಗ ಉಳಿಸುವುದು ಮಹತಿಯ ಕಸುಬು. ಬೆಂಗಳೂರಿನಲ್ಲಿ ಇಂಟೀರಿಯರ್ ಡಿಸೈನ್ ಓದಿ, ಎರಡು ವರ್ಷ ಅಲ್ಲೇ ದುಡಿದು, ಬೂದು ಬಣ್ಣದ ಫ್ಲಾಟುಗಳಿಗೆ ಬೂದು ಬಣ್ಣದ ಕಬೋರ್ಡು ಕೂರಿಸಿ ಕೂರಿಸಿ ಬೇಸತ್ತು ಚಿಕ್ಕಬಳ್ಳಾಪುರಕ್ಕೆ ವಾಪಸು ಬಂದಿದ್ದಳು. ಮನೆಯ ಮುಂದಿನ ಕೋಣೆಯೇ ಆಫೀಸು. ಅವಳ ತಾಯಿ ವೆಂಕಟಲಕ್ಷ್ಮಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಯಾರಾದರೂ ಬಂದರೆ ಕಾಫಿ ಕೊಡುವ ನೆಪದಲ್ಲಿ ಒಳಗೆ ಬಂದು, ಬಂದವರ ಮುಖ ಒಮ್ಮೆ ಓದಿಕೊಂಡು ಹೋಗುತ್ತಿದ್ದರು.

ಮಹತಿಗೆ ಒಂದು ಪದ್ಧತಿಯಿತ್ತು. ಆ ಕೋಣೆಯಲ್ಲಿ ಯಾರು ಯಾರು ಮಲಗುತ್ತಾರೋ ಅವರನ್ನೆಲ್ಲ ಬೇರೆಬೇರೆಯಾಗಿ ಕೂರಿಸಿ ಮಾತಾಡಿಸುತ್ತಿದ್ದಳು. ಬೆಳಿಗ್ಗೆ ಎದ್ದ ತಕ್ಷಣ ಕೈ ಏನನ್ನು ಹುಡುಕುತ್ತದೆ, ಮಲಗುವ ಮುಂಚೆ ಕೊನೆಗೆ ಏನನ್ನು ಕೆಳಗಿಡುತ್ತೀರಿ ಎಂದು ಕೇಳುತ್ತಿದ್ದಳು. ಗಂಡ ಹೇಳಿದ್ದಕ್ಕೂ ಹೆಂಡತಿ ಹೇಳಿದ್ದಕ್ಕೂ ತಾಳೆಯಾಗುತ್ತಿದ್ದುದು ಅಪರೂಪ. ಆ ಎರಡರ ನಡುವೆ ಎಲ್ಲೋ ಆ ಮನೆಗೆ ಸರಿಹೊಂದುವ ಕೋಣೆ ಇರುತ್ತದೆ ಎಂಬುದು ಅವಳ ನಂಬಿಕೆ.

ಮುರಳಿಮೋಹನ್ ಬಂದದ್ದು ಫೆಬ್ರವರಿಯ ಕೊನೆಯಲ್ಲಿ. ಮೂವತ್ತೈದರ ಆಸುಪಾಸಿನ ಗಂಡಸು, ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಊರಿನ ಜಮೀನನ್ನು ಅಣ್ಣ ನೋಡಿಕೊಳ್ಳುತ್ತಾನಂತೆ. ತಾನು ಗೌರಿಬಿದನೂರಿನಲ್ಲಿ ಸಣ್ಣದೊಂದು ಮನೆ ಕಟ್ಟಿಸಿಕೊಂಡಿದ್ದಾನಂತೆ. ಇರುವುದು ಗಂಡ ಹೆಂಡತಿ ಇಬ್ಬರೇ. ಮದುವೆಯಾಗಿ ಒಂದೂವರೆ ವರ್ಷ. ಇಷ್ಟನ್ನು ಹೇಳಿ, ಫೋನು ತೆಗೆದು, ಅದರಲ್ಲಿದ್ದ ಪಟ್ಟಿಯನ್ನು ತಲೆಯೆತ್ತದೆ ಓದತೊಡಗಿದ.

ಮಂಚ ನೆಲದಿಂದ ಒಂದು ಗೇಣಿಗಿಂತ ಎತ್ತರ ಇರಬಾರದು. ಯಾವುದಕ್ಕೂ ಚೂಪು ಮೂಲೆ ಇರಬಾರದು. ಕನ್ನಡಿ ಬೇಡ, ಗಾಜು ಬೇಡ. ಕಿಟಕಿಯ ಗ್ರಿಲ್ಲಿನ ಸಂದಿಯಲ್ಲಿ ಕೈ ತೂರಬಾರದು. ಕಬೋರ್ಡಿಗೆ ಬೀಗ ಬೇಕು, ಬೀಗದ ಕೈ ತನ್ನ ಹತ್ತಿರ ಇರಬೇಕು. ನೆಲದ ಮಟ್ಟದಲ್ಲಿ ಒಂದು ಸಣ್ಣ ದೀಪ ಉರಿಯುತ್ತಲೇ ಇರಬೇಕು. ಬಾಗಿಲಿಗೆ ಒಳಗಡೆ ಚಿಲಕ ಇರಬಾರದು. ಹೊರಗಡೆ, ಎತ್ತರದಲ್ಲಿ ಇರಬೇಕು.

ಬರೆದುಕೊಳ್ಳುತ್ತಿದ್ದ ಮಹತಿಯ ಕೈ ನಿಂತಿತು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ ಎಂದು ಕೇಳಿದಳು. ಇಲ್ಲ ಅಂದ. ವಯಸ್ಸಾದವರು ಯಾರಾದರೂ? ಇಲ್ಲ. ಮಂಚದ ಅಳತೆ ಕೇಳಿದಳು. ಒಬ್ಬರಿಗೆ ಆಗುವಷ್ಟಿದ್ದರೆ ಸಾಕು ಅಂದ.

“ನೀವು?”

“ನಾನು ಹಾಲ್‌ನಲ್ಲಿ ಮಲಗ್ತೀನಿ.”

ಹಾಗಿದ್ದರೆ ನಿಮ್ಮ ಮನೆಯವರ ಜೊತೆ ಒಂದು ಸಲ ಮಾತಾಡಬೇಕು, ಕೋಣೆ ಅವರದಲ್ಲವೇ ಎಂದಳು. ಅವನು ಥಟ್ಟನೆ ಬೇಡ ಅಂದ. ಅವಳು ಚಿಂತಾಮಣಿಯ ತವರಿಗೆ ಹೋಗಿದ್ದಾಳೆ, ಬರುವುದರೊಳಗೆ ಅರ್ಧವಾದರೂ ಆಗಿರಬೇಕು, ಅವಳನ್ನು ಕೇಳುವುದೇನೂ ಇಲ್ಲ ಅಂದ. ಎದ್ದು ಬಾಗಿಲವರೆಗೆ ಹೋದವನು ತಿರುಗಿ ನಿಂತು, ರೂಮು ಮಾತ್ರ ಬೆಚ್ಚಗೆ ಕಾಣಬೇಕು ಮೇಡಂ, ಆಸ್ಪತ್ರೆ ಥರ ಇರಬಾರದು ಅಂದ. ಪಂಜರಕ್ಕೆ ಬಣ್ಣ ಹೊಡೆಸುವ ಮಾತಿನಂತೆ ಅದು ಮಹತಿಗೆ ಕೇಳಿಸಿತು.

ಲೋಟ ತೆಗೆಯಲು ಬಂದ ವೆಂಕಟಲಕ್ಷ್ಮಮ್ಮ, ಆ ಮನುಷ್ಯ ಒಂದು ಗುಟುಕೂ ಕುಡಿದಿಲ್ಲ ಎಂದರು.

ಈ ಕೆಲಸ ಬೇಡ ಎಂದುಬಿಡೋಣ ಎಂದು ಮಹತಿ ಎರಡು ದಿನ ಯೋಚಿಸಿದಳು. ಆದರೆ ತಾನು ಬಿಟ್ಟರೆ ಇನ್ಯಾರೋ ಬರುತ್ತಾರೆ. ಏನೂ ಕೇಳದೆ ಚಿಲಕ ಹೊಡೆದು ಹೋಗುತ್ತಾರೆ. ಆ ಮನೆಯೊಳಕ್ಕೆ ಹೋಗಿ ಬರಲು ಒಂದು ನೆಪ ತನ್ನ ಕೈಯಲ್ಲಿರಲಿ ಎಂದುಕೊಂಡು ಒಪ್ಪಿಕೊಂಡಳು.

ಅಳತೆಗೆ ಬಡಗಿ ನಲ್ಲಪ್ಪನನ್ನು ಕರೆದುಕೊಂಡು ಹೋದಳು. ನಲ್ಲಪ್ಪ ಆಂಧ್ರದ ಗಡಿ ಕಡೆಯವನು, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವವನು, ಮರದ ವಿಷಯದಲ್ಲಿ ಅವನ ಕಣ್ಣು ತಪ್ಪುವುದಿಲ್ಲ. ಮುರಳಿಮೋಹನ್ ಬೀಗ ತೆಗೆದುಕೊಟ್ಟು ಕೆಲಸಕ್ಕೆ ಹೊರಟುಹೋದ. ಬೀದಿಬಾಗಿಲಿಗೆ ನಂಬರು ಒತ್ತಿ ತೆಗೆಯುವ ಹೊಸ ಬೀಗ. ಅಡುಗೆಮನೆಯಲ್ಲಿ ಚಾಕು ಈಳಿಗೆಮಣೆಗಳು ಬೀಗ ಹಾಕಿದ ಕಪಾಟಿನೊಳಗಿದ್ದವು. ಗಾಜಿನ ಬಾಗಿಲಿನಿಂದ ಕಾಣುತ್ತಿದ್ದವು. ಮಲಗುವ ಕೋಣೆಯ ಬಾಗಿಲಿಗೆ ಆಗಲೇ ಹೊರಗಿನಿಂದ ಒಂದು ಕೊಂಡಿ ಹೊಡೆದಿತ್ತು, ಬಡಗಿ ಹೊಡೆದದ್ದಲ್ಲ, ಯಾರೋ ಅವಸರಕ್ಕೆ ಮೊಳೆ ಜಡಿದದ್ದು.

ನಲ್ಲಪ್ಪ ಬಾಗಿಲನ್ನು ಒಳಗಡೆಯಿಂದ ತಿರುಗಿಸಿ ಬೆಳಕಿಗೆ ಹಿಡಿದ. ಎದೆಮಟ್ಟದಲ್ಲಿ ಪಾಲಿಶಿನ ಮೇಲೆಲ್ಲ ಗೀರುಗಳು.

“ಏಮಮ್ಮಾ, ಇದು ಮಲಗೋ ರೂಮಾ, ಕುರಿ ದೊಡ್ಡಿನಾ? ಉಗುರು ಇವು. ಇಲಿ ಅಲ್ಲ.”

ಮಹತಿ ಫೋಟೊ ತೆಗೆದುಕೊಂಡಳು. ಹೊರಗೆ ಬಂದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಬಟ್ಟೆ ಹರವುತ್ತ ಏನು ಕೆಲಸ ಎಂದು ವಿಚಾರಿಸಿದಳು. ಮಾತಿಗೆ ಮಾತು ಬಂತು. ಆ ಹುಡುಗಿ ಒಬ್ಬಳೇ ಹೊರಗೆ ಬಂದದ್ದನ್ನು ತಾನು ಕಂಡಿಲ್ಲವಂತೆ. ಡಿಸೆಂಬರಿನಲ್ಲಿ ಒಂದು ದಿನ, ಹಾಲು ತರಲು ಹೊರಟಿದ್ದಾಗ, ಗಂಡ ಅವಳ ರಟ್ಟೆ ಹಿಡಿದು ಸ್ಟೇಷನ್ ಕಡೆಯಿಂದ ಎಳೆದುಕೊಂಡು ಬರುತ್ತಿದ್ದನಂತೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ರಕ್ತ ಸೋರುತ್ತಿತ್ತಂತೆ. ಏನಾಯಿತಪ್ಪ ಎಂದರೆ ಅವನು ಮುಖ ತಿರುಗಿಸಿಕೊಂಡು ಹೋದನಂತೆ. ಓಡಿಹೋಗಲು ನೋಡಿರಬೇಕು, ಪಾಪ, ಎಂದು ಆಕೆ ತನ್ನ ತೀರ್ಮಾನವನ್ನೂ ಸೇರಿಸಿದಳು.

ಬಸ್ಸಿನಲ್ಲಿ ಮಂಚೇನಹಳ್ಳಿ ದಾಟುವವರೆಗೂ ಮಹತಿ ಆ ಗೀರುಗಳ ಫೋಟೊವನ್ನೇ ನೋಡುತ್ತಿದ್ದಳು. ಅಂದು ಸಂಜೆ ಮುರಳಿಮೋಹನನಿಗೆ ಫೋನು ಮಾಡಿ, ಹೊರಗಡೆ ಚಿಲಕ ಯಾಕೆ ಎಂದು ನೇರವಾಗಿ ಕೇಳಿದಳು. ಅವನು, ನಿಮಗೆ ಆಗುವುದಿಲ್ಲ ಎಂದರೆ ಬೇರೆಯವರನ್ನು ನೋಡುತ್ತೇನೆ ಎಂದಷ್ಟೇ ಹೇಳಿದ. ಅವಳು ಆಗುತ್ತದೆ ಎಂದಳು. ಕೆಲಸವನ್ನು ಮಾತ್ರ ಬೇಕೆಂದೇ ನಿಧಾನ ಮಾಡಿಸಿದಳು. ಮಂಚ, ಕಬೋರ್ಡು, ಕಿಟಕಿ ಎಂದು ಒಂದೊಂದಾಗಿ. ಬಾಗಿಲನ್ನು ಕೊನೆಗೆ ಇಟ್ಟಳು.

ಮೂರನೆಯ ವಾರ ಅವಳು ಹೇಳದೆ ಹೋದ ದಿನ ಬಾಗಿಲು ತೆಗೆದವಳು ಒಬ್ಬ ಹುಡುಗಿ. ಇಪ್ಪತ್ತೇಳೋ ಎಂಟೋ ಇರಬಹುದು, ತೆಳ್ಳಗೆ ಎತ್ತರಕ್ಕೆ ಇದ್ದಳು. ಹಣೆಯ ಬಲಗಡೆ ಹಳದಿಗೆ ತಿರುಗಿದ ಬಾವು. ಮಾಲಾ ಎಂದು ಹೆಸರು ಹೇಳಿಕೊಂಡಳು. ಮಹತಿ ಸುಮ್ಮನೆ ಮಾತಿಗೆ ಎಳೆದು, ತವರು ಯಾವುದು, ಯಾರ ಮಗಳು ಎಂದೆಲ್ಲ ಕೇಳಿದಳು. ತಂದೆ ಚಿಂತಾಮಣಿಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು, ವೆಂಕಟರಾಮಪ್ಪ ಅಂತ, ತಾಯಿ ಹೋಗಿ ಐದು ವರ್ಷ ಆಯಿತು, ಪವಿತ್ರ ಅಂತ ತಂಗಿ ಇದ್ದಾಳೆ, ಅವಳಿಗೆ ಗಂಡು ನೋಡುತ್ತಿದ್ದಾರೆ ಎಂದು ಹುಡುಗಿ ಹೇಳುತ್ತಿರುವಾಗಲೇ ಹಿತ್ತಲಿನಿಂದ ಮುರಳಿಮೋಹನ್ ಒಳಗೆ ಬಂದ. ಅವಳ ಮಾತು ಅಲ್ಲಿಗೇ ನಿಂತಿತು.

ಹಣೆಗೆ ಏನಾಯಿತು ಎಂದು ಮಹತಿ ಕೇಳಿದಳು.

“ಬಾಗಿಲು ತಗುಲ್ತು,” ಅಂದಳು ಮಾಲಾ, ಗಂಡನ ಮುಖ ನೋಡಿಕೊಂಡು.

ಗೋಡೆಗೆ ಯಾವ ಬಣ್ಣ ಇಷ್ಟ ಎಂದು ಕೇಳಿದ್ದಕ್ಕೂ ಅವಳು ಮೊದಲು ನೋಡಿದ್ದು ಅವನನ್ನೇ. ಯಾವುದಾದರೂ ಆಗುತ್ತೆ, ಇವರು ಹೇಳಿದ ಹಾಗೆ ಮಾಡಿ ಎಂದಳು. ಅವಳು ಒಳಗೆ ನಡೆದುಹೋಗುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದುದು ಮಹತಿಯ ಕಣ್ಣಿಗೆ ಬಿತ್ತು.

ವೆಂಕಟರಾಮಪ್ಪನ ಹೆಸರು ಹೇಳಿದ ಕೂಡಲೇ ವೆಂಕಟಲಕ್ಷ್ಮಮ್ಮನಿಗೆ ಗುರುತು ಸಿಕ್ಕಿತು. ಚಿಂತಾಮಣಿಯ ಶಾಲೆಯಲ್ಲಿ ಆರು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರು. ಮೃದು ಮನುಷ್ಯ, ಮಕ್ಕಳಿಗೆ ಬೆತ್ತ ಎತ್ತದ ಒಬ್ಬನೇ ಪಿ.ಟಿ. ಮೇಷ್ಟ್ರು ಎಂದು ನೆನೆಸಿಕೊಂಡರು. ಆದರೂ ಹೋಗಿ ಹೇಳಲು ಅವರಿಗೆ ಹಿಂಜರಿಕೆ. ಗಂಡ ಹೆಂಡತಿಯ ವಿಷಯ, ನಾವು ಕಂಡದ್ದೆಷ್ಟು ಕಾಣದ್ದೆಷ್ಟು, ಮೊದಲು ಆ ಹುಡುಗಿಯನ್ನು ಒಬ್ಬಳೇ ಸಿಕ್ಕಾಗ ಕೇಳು ಎಂದರು. ಅವಳು ಒಬ್ಬಳೇ ಸಿಗುವುದೇ ಇಲ್ಲವಲ್ಲ ಎಂಬುದು ಮಹತಿಯ ವಾದ. ನಾಳೆ ಪೇಪರಿನಲ್ಲಿ ಓದಿ ಅಯ್ಯೋ ಅನ್ನುವುದಕ್ಕಿಂತ ಇವತ್ತು ತಪ್ಪಾದರೂ ಪರವಾಗಿಲ್ಲ ಎಂದಳು.

ಭಾನುವಾರ ಇಬ್ಬರೂ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋದರು. ವೆಂಕಟರಾಮಪ್ಪ ಹಳೆಯ ಸಹೋದ್ಯೋಗಿಯನ್ನು ಕಂಡು ಸಂತೋಷಪಟ್ಟರು. ಹಾಲ್‌ನಲ್ಲಿ ಇನ್ನೊಬ್ಬರು ಕೂತಿದ್ದರು, ಮಾಲಾಳ ಸೋದರಮಾವ ಮುನಿಗಂಗಪ್ಪ. ದಿಬ್ಬೂರಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಣೆ, ದೊಡ್ಡ ಗಂಟಲು. ಪವಿತ್ರಳನ್ನು ನೋಡಿಹೋದವರು ಒಪ್ಪಿದ್ದಾರೆಂದೂ ಮುಂದಿನ ಮಾತಿಗೆ ತಾನು ಬಂದಿರುವುದಾಗಿಯೂ ಹೇಳಿದರು. ಪವಿತ್ರ ಕಾಫಿ ತಂದುಕೊಟ್ಟು ಬಾಗಿಲ ಬಳಿ ನಿಂತಳು. ಅಷ್ಟು ಜನರೆದುರು ಹೇಳುವುದೋ ಬೇಡವೋ ಎಂದು ಮಹತಿ ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ಹೇಳಿಬಿಟ್ಟಳು. ಪಟ್ಟಿಯನ್ನೂ ಫೋಟೊವನ್ನೂ ಮುಂದಿಟ್ಟಳು.

ಮುನಿಗಂಗಪ್ಪನ ಮುಖ ಕೆಂಪಗಾಯಿತು. ಅವನ ವಂಶ ನೋಡಿ ಕೊಟ್ಟೆವು, ಮನುಷ್ಯನನ್ನು ನೋಡಲಿಲ್ಲ ಎಂದು ಗೊಣಗಿದರು. ವೆಂಕಟರಾಮಪ್ಪ ಮಾತ್ರ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡರು.

“ಇದನ್ನ ಇನ್ಯಾರಿಗಾದ್ರೂ ಹೇಳಿದೀರಾ, ಅಮ್ಮಾ?”

ಇಲ್ಲ ಅಂದಳು ಮಹತಿ. ನಾನು ಅಳಿಯಂದಿರ ಹತ್ತಿರ ಮಾತಾಡುತ್ತೇನೆ, ನೀವು ಇನ್ನು ಚಿಂತೆ ಬಿಡಿ ಎಂದು ಅವರು ಎದ್ದುಬಿಟ್ಟರು.

ವಾಪಸು ಬರುವ ದಾರಿಯಲ್ಲಿ ಮಹತಿಯ ತಲೆಗೆ ಹೊಸದೊಂದು ಹುಳ ಹೊಕ್ಕಿತು. ಮಗಳು ಹೇಗಿದ್ದಾಳೆ, ಬಾವು ಎಷ್ಟಿದೆ, ಊಟ ಮಾಡುತ್ತಾಳಾ ಎಂದು ಅಪ್ಪ ಕೇಳಲೇ ಇಲ್ಲ. ಕೇಳಿದ್ದು ಒಂದೇ: ಯಾರಿಗೆ ಹೇಳಿದೀರಿ. ತಾಯಿಗೆ ಅದನ್ನು ಹೇಳಿದಳು. ಮರ್ಯಾದಸ್ಥರು, ಎರಡನೆಯವಳ ಮದುವೆ ಬೇರೆ ಹತ್ತಿರ ಬಂದಿದೆ, ಹೆದರಿದ್ದಾರೆ ಎಂದರು ವೆಂಕಟಲಕ್ಷ್ಮಮ್ಮ. ಇರಬಹುದು ಅನ್ನಿಸಿತು. ಪೂರ್ತಿ ಸಮಾಧಾನವಾಗಲಿಲ್ಲ.

ಮುರಳಿಮೋಹನನಿಗೆ ವಾರದ ರಜೆ ಶುಕ್ರವಾರ. ಆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮಹತಿ ಮತ್ತು ನಲ್ಲಪ್ಪ ಕಬೋರ್ಡಿನ ಬಾಗಿಲು ಕೂರಿಸುತ್ತಿದ್ದರು. ಮಹತಿ ಮುಂದೂಡುತ್ತಲೇ ಬಂದದ್ದರಿಂದ ಕೊನೆಗೆ ಅದೇ ದಿನ ಹೊರಗಿನ ಚಿಲಕವನ್ನೂ ಹಾಕಿ ಎಂದು ಅವನು ಹಟ ಹಿಡಿದಿದ್ದ. ಚಿಲಕ ಇನ್ನೂ ಕಾಗದದಲ್ಲಿ ಸುತ್ತಿದಂತೆಯೇ ಹಾಲ್‌ನ ಕುರ್ಚಿಯ ಮೇಲಿತ್ತು. ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ಮುನಿಗಂಗಪ್ಪ, ಅವರ ಹಿಂದೆ ದಿಬ್ಬೂರಹಳ್ಳಿಯ ಇಬ್ಬರು ನೆಂಟರು, ಎಲ್ಲರಿಗಿಂತ ಹಿಂದೆ ವೆಂಕಟರಾಮಪ್ಪ.

ಮುನಿಗಂಗಪ್ಪ ಚಪ್ಪಲಿಯನ್ನೂ ಬಿಡಲಿಲ್ಲ. ಕೋಣೆಯ ಬಾಗಿಲನ್ನು ಎಳೆದು ನೋಡಿದರು, ಗೀರುಗಳ ಮೇಲೆ ಬೆರಳಾಡಿಸಿದರು, ಕುರ್ಚಿಯ ಮೇಲಿದ್ದ ಚಿಲಕವನ್ನು ಎತ್ತಿ ಮುರಳಿಮೋಹನನ ಮುಖದ ಮುಂದೆ ಹಿಡಿದರು. ಇದು ಯಾರಿಗೆ ಎಂದು ಕೇಳಿದರು. ಎರಡನೆಯ ಸಲ ಕೇಳಿದರು. ಅವನು ಮಾವ ವೆಂಕಟರಾಮಪ್ಪನ ಕಡೆ ನೋಡಿದ. ಆ ನೋಟ ಮಹತಿಗೆ ವಿಚಿತ್ರವಾಗಿ ಕಂಡಿತು. ತಪ್ಪು ಮಾಡಿ ಸಿಕ್ಕಿಬಿದ್ದವನ ನೋಟವಲ್ಲ, ನೀವು ಹೇಳುತ್ತೀರಾ ಎಂದು ಕಾಯುವವನ ನೋಟ. ವೆಂಕಟರಾಮಪ್ಪ ನೆಲ ನೋಡುತ್ತಿದ್ದರು. ಮುನಿಗಂಗಪ್ಪ ಕೈ ಎತ್ತಿ ಅವನ ಕೆನ್ನೆಗೆ ಹೊಡೆದರು. ಬೀದಿಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತಿದ್ದಳು.

ಅವನು ಕೈ ಅಡ್ಡ ತರಲಿಲ್ಲ. ಆಗಲೂ ವೆಂಕಟರಾಮಪ್ಪನನ್ನೇ ನೋಡುತ್ತಿದ್ದ.

ಮಾಲಾ ಅಡುಗೆಮನೆಯಿಂದ ಬಂದು ಗಂಡನಿಗೂ ಸೋದರಮಾವನಿಗೂ ಮಧ್ಯೆ ನಿಂತಳು. ಮಹತಿ ಕೇಳಿದ್ದ ಆ ಸಣ್ಣ ದನಿಯಲ್ಲ ಈಗ ಬಂದದ್ದು.

“ಆ ಪಟ್ಟಿ ಬರೆದವಳು ನಾನು, ಮಾವ. ಇವ್ರು ಬರೀ ಓದಿದ್ದು. ಚಿಲಕ ಬೇಕು ಅಂದಿದ್ದೂ ನಾನೇ. ನಾನು ನಿದ್ದೇಲಿ ಎದ್ದು ಹೋಗ್ತೀನಿ. ಹನ್ನೆರಡು ವರ್ಷದವಳಾಗಿದ್ದಾಗಿಂದ ಹೋಗ್ತೀನಿ. ಅಪ್ಪಂಗೆ ಗೊತ್ತು.”

ಅವಳೇ ಮುಂದುವರಿಸಿದಳು. ಚಿಕ್ಕವಳಿದ್ದಾಗ ಅಮ್ಮ ತನ್ನ ಸೆರಗಿನ ತುದಿಯನ್ನು ಅವಳ ಕಾಲಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಅಮ್ಮ ಹೋದ ಮೇಲೆ ಅಪ್ಪ ಬಾಗಿಲಿಗೆ ಅಡ್ಡ ಮಲಗುತ್ತಿದ್ದರು. ಗಾಳಿ ಮೆಟ್ಟಿಕೊಂಡಿದೆ ಅನ್ನುತ್ತಾರೆ, ಯಾರೂ ಕಟ್ಟಿಕೊಳ್ಳುವುದಿಲ್ಲ ಎಂದು ಮನೆಯಿಂದ ಆಚೆ ಯಾರಿಗೂ ಬಿಡಲಿಲ್ಲ, ಸೋದರಮಾವನಿಗೂ ಇಲ್ಲ. ಮದುವೆಗೆ ಮುಂಚೆ ಗಂಡಿನ ಮನೆಯವರಿಗೆ ಹೇಳೋಣ ಎಂದು ಅವಳೇ ಅತ್ತು ಕೇಳಿಕೊಂಡಿದ್ದಳು. ಅಪ್ಪ ಬೇಡ ಎಂದರು. ಮದುವೆಯಾದ ಮೇಲೆ ಒಂದು ವರ್ಷ ಏನೂ ಆಗಲಿಲ್ಲ, ಹೋಯಿತು ಎಂದುಕೊಂಡಳು. ಡಿಸೆಂಬರಿನಲ್ಲಿ ಕಣ್ಣು ಬಿಟ್ಟಾಗ ರೈಲು ಹಳಿಯ ಪಕ್ಕದ ಜಲ್ಲಿಯ ಮೇಲೆ ನಿಂತಿದ್ದಳು. ಕಾಲು ಸೀಳಿಹೋಗಿತ್ತು. ಹುಡುಕಿಕೊಂಡು ಬಂದ ಗಂಡ ಹಿಡಿದು ಕರೆದುಕೊಂಡು ಬಂದ. ಆಮೇಲೆ ಹೊರಗೆ ಕೊಂಡಿ ಹಾಕಿದ ರಾತ್ರಿಗಳಲ್ಲಿ ನಿದ್ದೆಯಲ್ಲೇ ಬಾಗಿಲು ಪರಚಿದ್ದಳು, ಹಣೆ ಬಡಿದುಕೊಂಡಿದ್ದಳು.

“ಅವತ್ತಿಂದ ರಾತ್ರಿ ಪಾಳಿ ಬಿಟ್ಟಿದಾರೆ,” ಅಂದಳು. “ಇವ್ರು ಮಲಗಿದ್ರೆ ಲಾರಿ ಹೋದ್ರೂ ಎಚ್ಚರ ಆಗಲ್ಲ. ಅದಕ್ಕೆ ಬಾಗಿಲಾಚೆ ಚಾಪೆ ಹಾಕ್ಕೊಂಡು ಮಲಗ್ತಾರೆ. ಯಾರಿಗೂ ಹೇಳಬೇಡಿ ಅಂತ ಪ್ರಮಾಣ ಮಾಡಿಸ್ಕೊಂಡಿದ್ದೆ. ಪವಿತ್ರನ ಮದುವೆ ಆಗೋವರೆಗಾದ್ರೂ.”

ಮುನಿಗಂಗಪ್ಪ ಭಾವನ ಕಡೆ ತಿರುಗಿದರು. ನಿನಗೆ ಆ ಪಟ್ಟಿ ನೋಡಿದಾಗಲೇ ಗೊತ್ತಾಯಿತಾ ಎಂದು ಕೇಳಿದರು. ವೆಂಕಟರಾಮಪ್ಪ ಹೌದೆಂದು ತಲೆ ಆಡಿಸಿದರು. ಕಾರಿನಲ್ಲಿ ಅಷ್ಟು ದೂರ ಬರುವಾಗಲೂ ಹೇಳಲಿಲ್ಲವಲ್ಲ ಎಂದಾಗ ಅವರು ಗೋಡೆಗೆ ಒರಗಿ ಹಾಗೇ ಕುಸಿದು ಕೂತರು. ಮುನಿಗಂಗಪ್ಪ ಕ್ಷಮೆ ಕೇಳಲಿಲ್ಲ. ಅವರಿಗೆ ಆ ಅಭ್ಯಾಸವಿರಲಿಲ್ಲ. ಕೈಯಲ್ಲಿದ್ದ ಚಿಲಕವನ್ನು ಎಲ್ಲಿಡುವುದೆಂದು ತಿಳಿಯದೆ ಕೊನೆಗೆ ನಲ್ಲಪ್ಪನ ಕೈಗೆ ಕೊಟ್ಟು, ನೆಂಟರನ್ನು ಕರೆದುಕೊಂಡು ಹೊರಟುಹೋದರು. ಮಾಲಾ ಅಪ್ಪನಿಗೆ ನೀರು ತಂದು ಪಕ್ಕದಲ್ಲಿಟ್ಟಳು. ಅವರ ಹತ್ತಿರ ಕೂರಲಿಲ್ಲ.

ಮಹತಿ ಮುರಳಿಮೋಹನನ ಮುಂದೆ ನಿಂತು, ಚಿಂತಾಮಣಿಗೆ ಹೋಗಿ ಹೇಳಿದ್ದು ತಾನೇ ಎಂದಳು. ಅವನಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಅವನು ಸಿಟ್ಟು ಮಾಡಲಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ ಎಂದ. ಆಮೇಲೆ, ಇಷ್ಟಕ್ಕೆ ಸಾಕು, ಇನ್ನು ಬರಬೇಡಿ ಎಂದ. ನಲ್ಲಪ್ಪ ಸಾಮಾನು ಚೀಲಕ್ಕೆ ತುಂಬಿಕೊಂಡ. ಒಂದು ಬಾಗಿಲು ಕೂತ, ಒಂದು ಬಾಗಿಲು ಕೂರದ ಕಬೋರ್ಡನ್ನು ಹಾಗೇ ಬಿಟ್ಟು ಅವರು ಬಸ್‌ಸ್ಟ್ಯಾಂಡಿಗೆ ನಡೆದರು.

ಆ ಮೇಲಿನ ದಿನಗಳಲ್ಲಿ ಮಹತಿ ತನ್ನನ್ನು ತಾನೇ ಎಷ್ಟೋ ಸಲ ವಿಚಾರಣೆ ಮಾಡಿಕೊಂಡಳು. ಗೀರು ಸುಳ್ಳಲ್ಲ, ರಕ್ತ ಸುಳ್ಳಲ್ಲ, ಬಾವು ಸುಳ್ಳಲ್ಲ. ಒಂದೊಂದೂ ನಿಜವಾಗಿದ್ದು ಒಟ್ಟು ಸೇರಿಸಿದಾಗ ಮಾತ್ರ ತಪ್ಪಾಗಿತ್ತು. ಇನ್ನೊಂದು ಮನೆಯಲ್ಲಿ ಇದೇ ಗೀರುಗಳಿಗೆ ಬೇರೆ ಅರ್ಥ ಇರಲೂಬಹುದು. ಆಗ ಸುಮ್ಮನಿರುವುದು ಹೇಗೆ ಎಂದೂ ಕೇಳಿಕೊಂಡಳು. ಚಿಂತಾಮಣಿಯ ಹಾಲ್‌ನಲ್ಲಿ, ಎಲ್ಲರೆದುರು, ಮಾಲಾಳನ್ನು ಕೇಳದೆ ಹೇಳಿದ್ದು ಮಾತ್ರ ತಪ್ಪೇ ಎಂದು ಒಪ್ಪಿಕೊಂಡಳು. ವೆಂಕಟಲಕ್ಷ್ಮಮ್ಮ ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಪವಿತ್ರಳ ಸಂಬಂಧ ಹತ್ತೇ ದಿನದಲ್ಲಿ ಮುರಿಯಿತು. ದಿಬ್ಬೂರಹಳ್ಳಿಯ ನೆಂಟರ ಬಾಯಿಂದ ಗಂಡಿನ ಮನೆಗೆ ಸುದ್ದಿ ಮುಟ್ಟಿತ್ತು. ಪವಿತ್ರಳೇ ಮಹತಿಗೆ ಫೋನು ಮಾಡಿದಳು. ಬೈಯುತ್ತಾಳೆಂದು ಮಹತಿ ಕಾದಳು. ಆ ಹುಡುಗನಿಗಾಗಿ ತನಗೇನೂ ದುಃಖವಿಲ್ಲ, ಆದರೆ ಅಕ್ಕ ಹದಿನಾರು ವರ್ಷ ಬಾಯಿ ಮುಚ್ಚಿಕೊಂಡಿದ್ದು ತನಗೋಸ್ಕರ ಎಂದು ತನಗೂ ಗೊತ್ತಿರಲಿಲ್ಲ, ಅದನ್ನು ಗೊತ್ತುಮಾಡಿಸಿದ್ದಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ ಎಂದಳು. ಅಷ್ಟು ಹೇಳಿ ಇಟ್ಟುಬಿಟ್ಟಳು.

ಮಾಲಾಳ ಫೋನು ಬಂದದ್ದು ಏಪ್ರಿಲ್ ಮಧ್ಯದಲ್ಲಿ. ಶನಿವಾರ ಬನ್ನಿ, ಇವರು ಡ್ಯೂಟಿಗೆ ಹೋಗಿರುತ್ತಾರೆ, ನಾನೊಬ್ಬಳೇ ಇರುತ್ತೇನೆ ಎಂದಳು.

ಇಬ್ಬರೂ ಅರ್ಧ ಮುಗಿದ ಕೋಣೆಯಲ್ಲಿ ನೆಲದ ಮೇಲೆ ಕೂತರು. ಮಹತಿ ತಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಹೇಳಿದಳು: ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೊಗೆಯೋ ಬೆಂಕಿಯೋ ಆದರೆ ಒಳಗಿದ್ದವರ ಗತಿಯೇನು, ಅದರ ಬದಲು ಮಂಚದಿಂದ ಕಾಲಿಡುವ ಜಾಗದಲ್ಲಿ ಚಾಪೆಯ ಕೆಳಗೆ ಒತ್ತಿದರೆ ಗಂಟೆ ಬಾರಿಸುವ ಒಂದು ಪಟ್ಟಿ ಸಿಗುತ್ತದೆ. ಡಿಸೆಂಬರಿನ ಆಮೇಲೆ ಇವರು ಕರೆದುಕೊಂಡು ಹೋಗಿ ತೋರಿಸಿದ ಬೆಂಗಳೂರಿನ ಡಾಕ್ಟರು ಕೂಡ ಬೀಗಕ್ಕಿಂತ ಗಂಟೆ ವಾಸಿ ಎಂದಿದ್ದರು, ನಾನೇ ಹೆದರಿಕೊಂಡು ಕೇಳಲಿಲ್ಲ ಎಂದಳು ಮಾಲಾ. ಗಂಟೆಯ ಸದ್ದಿಗೆ ಇವರು ಏಳಬೇಕಲ್ಲ ಎಂದು ಅವಳೇ ನಕ್ಕಳು. ಅವಳು ನಕ್ಕದ್ದನ್ನು ಮಹತಿ ನೋಡಿದ್ದು ಅದೇ ಮೊದಲು.

ಬೆಳಿಗ್ಗೆ ಎದ್ದ ತಕ್ಷಣ ಕೈ ಏನು ಹುಡುಕುತ್ತದೆ ಎಂದು ಮಹತಿ ಕೇಳಿದಳು. ಮಾಲಾ ಚಾಚಿದ್ದ ಕಾಲನ್ನು ಹತ್ತಿರ ಎಳೆದುಕೊಂಡಳು.

“ಅಂಗಾಲು ಮುಟ್ಟಿ ನೋಡ್ಕೋತೀನಿ. ಮಣ್ಣಿದೆಯಾ ಅಂತ.”

ಹೆದರಿಕೆಯನ್ನೆಲ್ಲ ಆ ಪಟ್ಟಿಯಲ್ಲಿ ಬರೆದೆ, ಬೇಕಾದ್ದನ್ನು ಒಂದನ್ನೂ ಬರೆಯಲಿಲ್ಲ ಎಂದಳು. ಬೇಕಾದ್ದು ಹೇಳಿ ಎಂದು ಮಹತಿ ಹೊಸ ಹಾಳೆ ತೆಗೆದಳು. ಕಿಟಕಿಯ ಹತ್ತಿರ ಕೂತು ಹೊಲಿಗೆ ಹಾಕಲು ಒಂದು ಕಟ್ಟೆ. ಜೋಳದ ತೆನೆಯ ಬಣ್ಣದ ಗೋಡೆ. ದಪ್ಪ ಹತ್ತಿ ಪರದೆ, ಸಿಂಥೆಟಿಕ್ ಬೇಡ. ಕನ್ನಡಿ ಬೇಕು, ಕಬೋರ್ಡಿನ ಬಾಗಿಲ ಒಳಮೈಗೆ ಇದ್ದರೆ ರಾತ್ರಿ ಮುಚ್ಚಿಡಬಹುದು. ಪುಸ್ತಕಕ್ಕೆ, ನೀರಿನ ಚೊಂಬಿಗೆ ಕೈಗೆಟುಕುವ ಒಂದು ಗೂಡು. ಎಲ್ಲ ಹೇಳಿ ಮುಗಿಸಿ, ಬೇರೆ ಕಡೆ ನೋಡುತ್ತ, ಮಂಚವನ್ನು ಇಬ್ಬರಿಗೆ ಆಗುವ ಹಾಗೆ ಅಗಲ ಮಾಡಲು ಬರುತ್ತಾ ಎಂದು ಕೇಳಿದಳು. ನಲ್ಲಪ್ಪ ಮಾಡುತ್ತಾನೆ ಎಂದಳು ಮಹತಿ.

ನಲ್ಲಪ್ಪ ಮಾಡಿದ. ಎರಡು ವಾರ ಹಿಡಿಯಿತು. ಉಗುರಿನ ಗೀರುಗಳಿದ್ದ ಬಾಗಿಲನ್ನು ಉಜ್ಜಿ ಹೊಸ ಪಾಲಿಶು ಕೊಟ್ಟ; ಮೂಲೆಗಳನ್ನೆಲ್ಲ ಬೆಣ್ಣೆಯಂತೆ ಉರುಟು ಮಾಡಿದ. ಕೊನೆಯ ದಿನ ಮುರಳಿಮೋಹನ್ ಮನೆಯಲ್ಲಿದ್ದ. ಮಹತಿಯನ್ನು ಮಾತಾಡಿಸಲಿಲ್ಲ, ಹೋಗೆಂದೂ ಹೇಳಲಿಲ್ಲ. ಗಂಟೆ ಪರೀಕ್ಷೆ ಮಾಡಲು ಅವನನ್ನು ಮಂಚದ ಮೇಲೆ ಮಲಗಿಸಿ ಮಾಲಾ ಚಾಪೆಯ ಮೇಲೆ ಕಾಲಿಟ್ಟಳು. ಅಷ್ಟು ಜೋರಾಗಿ ಬಡಿದುಕೊಳ್ಳುತ್ತದೆಂದು ಯಾರೂ ಎಣಿಸಿರಲಿಲ್ಲ. ಪಕ್ಕದ ಮನೆಯಾಕೆ ಏನಾಯಿತೆಂದು ಗೇಟಿಗೆ ಓಡಿಬಂದಳು. ಮಾಲಾ ತಾನೇ ಹೋಗಿ ಆಕೆಗೆ ವಿಷಯವನ್ನೆಲ್ಲ ಹೇಳಿದಳು. ಆಕೆ ಎಷ್ಟು ನಂಬಿದಳೋ ಗೊತ್ತಿಲ್ಲ. ಈಗಲೂ ಆ ದಂಪತಿಯನ್ನು ಓರೆಗಣ್ಣಿನಲ್ಲೇ ನೋಡುತ್ತಾಳಂತೆ.

ಮಾಲಾ ಆಮೇಲೆ ಎರಡು ಸಲ ಎದ್ದಿದ್ದಾಳೆ. ಎರಡು ಸಲವೂ ಮುರಳಿಮೋಹನ್ ಎಚ್ಚರಗೊಂಡು ಭುಜ ಹಿಡಿದು ತಿರುಗಿಸಿ ಮಲಗಿಸಿದ್ದಾನೆ. ಜೂನಿನಲ್ಲಿ ವೆಂಕಟರಾಮಪ್ಪ ಒಬ್ಬರೇ ಬಂದು, ಅಳಿಯನ ಮುಂದೆ ನಿಂತು, ಮದುವೆಗೆ ಮುಂಚೆಯೇ ಹೇಳಬೇಕಿತ್ತು ಎಂದರಂತೆ. ಅವನು ಕೂತ್ಕೊಳ್ಳಿ, ಊಟ ಮಾಡೋಣ ಎಂದನಂತೆ. ಮಾಲಾ ಮಾತ್ರ ಅಪ್ಪನ ಹತ್ತಿರ ಇನ್ನೂ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ.

ಪವಿತ್ರಳನ್ನು ನೋಡಲು ಈಗಲೂ ಗಂಡಿನವರು ಬರುತ್ತಾರೆ. ತಿಂಡಿಗೆ ಮುಂಚೆಯೇ ಅವಳು ತಾನಾಗಿ, ನಮ್ಮಕ್ಕ ನಿದ್ದೆಯಲ್ಲಿ ನಡೀತಾಳೆ ಎಂದು ಹೇಳಿಬಿಡುತ್ತಾಳೆ. ಮೂರು ಕಡೆಯವರು ಮತ್ತೆ ತಿಳಿಸುತ್ತೇವೆಂದು ಎದ್ದು ಹೋದರು. ನಾಲ್ಕನೆಯವನು ಚಿಕ್ಕಬಳ್ಳಾಪುರದಲ್ಲಿ ಬ್ಯಾಂಕಿನ ಕ್ಲರ್ಕು. ಎಷ್ಟು ದೂರ ಹೋಗ್ತಾರೆ ಎಂದು ಕೇಳಿದನಂತೆ. ಸ್ಟೇಷನ್‌ವರೆಗೆ ಎಂದಳಂತೆ ಪವಿತ್ರ. ಆ ಮಾತುಕತೆ ಇನ್ನೂ ಮುರಿದಿಲ್ಲ.